ಲ್ಯಾಟಿನ್ ವಿಭಕ್ತಿಗಳ ಬೋಧನೆ: ಕಾರಕ, ಪ್ರತ್ಯಯ ಮತ್ತು ಅನುವಾದ

೧

ವಿನ್‌ಸ್ಟನ್ ಚರ್ಚಿಲರು ೧೯೩೦ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತಮ್ಮ ಮೊದಲನೆಯ ಲ್ಯಾಟಿನ್ ಪಾಠವನ್ನು ನೆನೆದಿದ್ದಾರೆ. ೧೮೮೨ರಲ್ಲಿ, ಎಂಟು ವರ್ಷ ತುಂಬುವುದಕ್ಕೆ ಕೆಲವೇ ವಾರಗಳಿರುವಾಗ, ಅವರನ್ನು ವಸತಿಶಾಲೆಯೊಂದಕ್ಕೆ ಸೇರಿಸಲಾಯಿತು. ಉಪಾಧ್ಯಾಯರು 'ಮೆನ್ಸ' (ಮೇಜು) ಎಂಬ ಶಬ್ದದ ರೂಪಗಳಿದ್ದ ಪುಟವೊಂದನ್ನು ಬಾಲಕನ ಮುಂದಿಟ್ಟು, ಅರ್ಧ ಗಂಟೆಯಲ್ಲಿ ಬಾಯಿಪಾಠ ಮಾಡುವಂತೆ ಹೇಳಿ ಹೊರಟುಹೋದರು. ಅವರು ಹಿಂದಿರುಗಿದಾಗ ಬಾಲಕನು ಎಲ್ಲ ರೂಪಗಳನ್ನೂ ತಪ್ಪಿಲ್ಲದೆ ಒಪ್ಪಿಸಿದನು. ಆ ಬಳಿಕ, ಮೇಜೆಂದು ಅರ್ಥ ಕೊಡುವ ರೂಪವೇ 'ಎಲೈ ಮೇಜೇ' ಎಂಬ ಅರ್ಥವನ್ನೂ ಕೊಡುವುದೇಕೆಂದು ಕೇಳಿದನು. ಮೇಜನ್ನು ಸಂಬೋಧಿಸಿ ಮಾತನಾಡುವಾಗ ಆ ರೂಪವು ಬೇಕಾಗುವುದೆಂದು ಉತ್ತರ ಬಂದಿತು. ತಾನು ಎಂದೂ ಮೇಜಿನೊಡನೆ ಮಾತನಾಡುವುದಿಲ್ಲವೆಂದು ಬಾಲಕನು ಹೇಳಿದುದಕ್ಕೆ, ಉದ್ಧಟತನಕ್ಕೆ ಕಠಿನ ಶಿಕ್ಷೆಯಾದೀತೆಂಬ ಎಚ್ಚರಿಕೆ ದೊರೆಯಿತು.

ಈ ಪ್ರಸಂಗವನ್ನು ಓದಿದವರು ನಕ್ಕು ಬಿಡುವುದು ಸಹಜ. ಆದರೆ ಭಾಷಾಬೋಧನೆಯ ಒಂದು ಮೂಲಸಮಸ್ಯೆ ಇದರಲ್ಲಿ ಅಡಗಿದೆ. ಬಾಲಕನು ಒಪ್ಪಿಸಿದುದರಲ್ಲಿ ದೋಷವಿರಲಿಲ್ಲ; ಆದರೂ ಅವನು ಕಲಿತುದು ಏನೂ ಇರಲಿಲ್ಲ. ಶಬ್ದದ ರೂಪವೊಂದು ವಾಕ್ಯದಲ್ಲಿ ಮಾಡುವ ಕೆಲಸವನ್ನು ತಿಳಿಯದೆ ಅದರ ಹೆಸರನ್ನು ಮಾತ್ರ ತಿಳಿದರೆ ಫಲವೇನು, ಎಂಬುದೇ ಪ್ರಶ್ನೆ.

ಭಾರತದಲ್ಲಿ ಲ್ಯಾಟಿನ್ ಕಲಿಕೆಯು ತೀರ ಅಪರಿಚಿತವಾದುದಲ್ಲ. ೧೮೫೭ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದೊಡನೆ ಲ್ಯಾಟಿನ್ನಿಗೂ ಅಭಿಜಾತ ಭಾಷೆಯ ಸ್ಥಾನವಿದ್ದಿತು. ಮಂಗಳೂರಿನ ಸೆಮಿನರಿಯಲ್ಲಿ ಪಾದ್ರಿಗಳಾಗುವವರು ಅದನ್ನು ಕಲಿಯುತ್ತಿದ್ದರು. ಗಾಂಧೀಜಿಯವರು ಲಂಡನ್ನಿನ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಮೊದಲ ಸಲ ಲ್ಯಾಟಿನ್ನಿನಲ್ಲಿ ಅನುತ್ತೀರ್ಣರಾಗಿ, ೧೮೯೦ರಲ್ಲಿ ಎರಡನೆಯ ಯತ್ನದಲ್ಲಿ ತೇರ್ಗಡೆಯಾದರು. ಜಸ್ಟೀನಿಯನ್ನನ ನ್ಯಾಯಗ್ರಂಥವನ್ನು ಲ್ಯಾಟಿನ್ನಿನಲ್ಲಿಯೇ ಓದಿದುದು ದಕ್ಷಿಣ ಆಫ್ರಿಕದಲ್ಲಿ ತಮಗೆ ಬಹಳ ನೆರವಾಯಿತೆಂದು ಅವರು ಬರೆದಿದ್ದಾರೆ. ಹೀಗೆ ಲ್ಯಾಟಿನ್ ಕಲಿತ ಭಾರತೀಯರು ಬಹುಮಟ್ಟಿಗೆ ಇಂಗ್ಲಿಷಿನ ದ್ವಾರದಿಂದಲೇ ಅದನ್ನು ಪ್ರವೇಶಿಸಿದರು. ವಿಭಕ್ತಿಗಳನ್ನು ಹೆಚ್ಚುಕಡಿಮೆ ಕಳೆದುಕೊಂಡಿರುವ ಭಾಷೆಯೊಂದರ ಮೂಲಕ, ವಿಭಕ್ತಿಗಳೇ ಪ್ರಾಣವಾಗಿರುವ ಭಾಷೆಯನ್ನು ಕಲಿಯಬೇಕಾಯಿತು. ತಮ್ಮ ಮನೆಮಾತಿನಲ್ಲಿಯೇ ಇದ್ದ ಸಾಧನವು ಹಲವರಿಗೆ ನೆನಪಿಗೆ ಬಾರದೆ ಹೋಯಿತು.

೨

ಮೊದಲು ಹೆಸರುಗಳನ್ನು ನೋಡಬಹುದು. ಲ್ಯಾಟಿನ್ನಿನಲ್ಲಿ ವಿಭಕ್ತಿಗೆ 'ಕಾಸುಸ್' ಎಂದು ಹೆಸರು. ಬೀಳುವಿಕೆ ಎಂಬುದು ಅದರ ಅರ್ಥ. ಗ್ರೀಕ್ ವೈಯಾಕರಣರ 'ಪ್ತೋಸಿಸ್' ಎಂಬ ಪದದ ಭಾಷಾಂತರವದು. ಪ್ರಥಮಾ ರೂಪವು ನೆಟ್ಟಗೆ ನಿಂತುದು, ಉಳಿದವು ಅದರಿಂದ ಓರೆಯಾಗಿ ವಾಲಿದುವು ಎಂಬ ಕಲ್ಪನೆ ಇದರ ಹಿಂದೆ ಇದೆ. ಸಂಸ್ಕೃತದ 'ವಿಭಕ್ತಿ' ಎಂಬ ಮಾತಿನಲ್ಲಿ ಬೀಳುವ ಕಲ್ಪನೆಯಿಲ್ಲ, ವಿಭಾಗಿಸುವ ಕಲ್ಪನೆಯಿದೆ.

ಲ್ಯಾಟಿನ್ ವಿಭಕ್ತಿಗಳು ಆರು: ನಾಮಿನೇಟಿವ್, ವೊಕೇಟಿವ್, ಅಕ್ಯುಸೇಟಿವ್, ಜೆನಿಟಿವ್, ಡೇಟಿವ್, ಅಬ್ಲೇಟಿವ್. ಕ್ರಮವಾಗಿ ಇವನ್ನು ಪ್ರಥಮೆ, ಸಂಬೋಧನೆ, ದ್ವಿತೀಯೆ, ಷಷ್ಠಿ, ಚತುರ್ಥಿ, ಪಂಚಮಿ ಎಂದು ಸ್ಥೂಲವಾಗಿ ಹೇಳಬಹುದು. ಇವಲ್ಲದೆ ಸಪ್ತಮಿಯ ಅವಶೇಷವು ಊರುಗಳ ಹೆಸರುಗಳಲ್ಲಿಯೂ ಮನೆ, ಹಳ್ಳಿ ಮೊದಲಾದ ಕೆಲವು ಶಬ್ದಗಳಲ್ಲಿಯೂ ಉಳಿದಿದೆ. 'ಅಕ್ಯುಸೇಟಿವ್' ಎಂದರೆ ಆಪಾದನೆಗೆ ಸಂಬಂಧಿಸಿದುದು. ಕ್ರಿಯೆಯ ಫಲವನ್ನು ಹೊಂದುವ ವಸ್ತುವಿಗೂ ಆಪಾದನೆಗೂ ಏನು ಸಂಬಂಧ? ಗ್ರೀಕರ 'ಐತಿಯಾತಿಕೇ' ಎಂಬ ಹೆಸರಿಗೆ, ಕಾರಣದಿಂದ ಉಂಟಾದುದು ಎಂಬುದೇ ಉದ್ದಿಷ್ಟಾರ್ಥವೆಂದೂ, ಅದೇ ಧಾತುವಿಗಿದ್ದ 'ದೋಷಾರೋಪಣೆ' ಎಂಬ ಮತ್ತೊಂದು ಅರ್ಥವನ್ನು ರೋಮನರು ಹಿಡಿದರೆಂದೂ ವಿದ್ವಾಂಸರ ಸಾಮಾನ್ಯಾಭಿಪ್ರಾಯ. ಹೀಗೆ ಭಾಷಾಂತರದ ತಪ್ಪೊಂದು ಎರಡು ಸಾವಿರ ವರ್ಷಗಳಿಂದ ವ್ಯಾಕರಣದ ಪಾರಿಭಾಷಿಕವಾಗಿ ನಿಂತಿದೆ. ಕಿಟ್ಟೆಲರು ೧೯೦೩ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣವೂ ನಮ್ಮ 'ಅನ್ನು' ಪ್ರತ್ಯಯಕ್ಕೆ ಇದೇ ಹೆಸರನ್ನು ಬಳಸುತ್ತದೆ.

ಅಬ್ಲೇಟಿವ್ ವಿಭಕ್ತಿಯು ಗ್ರೀಕಿನಲ್ಲಿ ಇರಲಿಲ್ಲ. ಆದುದರಿಂದ ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಪಂಡಿತನಾದ ವಾರ್ರೋ ಅದನ್ನು ಆರನೆಯ ವಿಭಕ್ತಿಯೆಂದೂ ಲ್ಯಾಟಿನ್ನಿನ ಸ್ವಂತ ವಿಭಕ್ತಿಯೆಂದೂ ಕರೆದನು. ವಿಭಕ್ತಿಗಳನ್ನು ಹೇಳುವ ಅನುಕ್ರಮವೂ ಎಲ್ಲ ಕಾಲದಲ್ಲಿ ಒಂದೇ ಆಗಿರಲಿಲ್ಲ. ನಾಲ್ಕನೆಯ ಶತಮಾನದ ದೊನಾತುಸನು ಪ್ರಶ್ನೋತ್ತರ ರೂಪದಲ್ಲಿ ಬರೆದ ಕಿರುವ್ಯಾಕರಣವು ಯುರೋಪಿನ ಬಾಲಕರ ಕೈಯಲ್ಲಿ ಸಾವಿರ ವರ್ಷಗಳಿಗೂ ಮಿಕ್ಕು ಇದ್ದಿತು. ಅದರಲ್ಲಿ ಪ್ರಥಮೆಯ ಅನಂತರ ಷಷ್ಠಿ ಬರುತ್ತದೆ. ಪ್ರಥಮೆಯ ಬಳಿಗೆ ದ್ವಿತೀಯೆಯನ್ನು ತಂದ ಕ್ರಮವನ್ನು ಡೆನ್ಮಾರ್ಕಿನ ಮಾದ್ವಿಗ್ ಎಂಬ ವಿದ್ವಾಂಸನ ಮಾರ್ಗದಲ್ಲಿ ಇಂಗ್ಲೆಂಡಿನ ಕೆನಡಿ ಎಂಬಾತನು ತನ್ನ ೧೮೬೬ರ ಪ್ರವೇಶಿಕೆಯಲ್ಲಿ ಬಳಸಿದನು. ಬ್ರಿಟಿಷ್ ಶಾಲೆಗಳಲ್ಲಿ ಇಂದಿಗೂ ಈ ಕ್ರಮವೇ ರೂಢಿಯಲ್ಲಿದೆ. ಅಮೆರಿಕದ ಪಠ್ಯಗಳು ಹಳೆಯ ಕ್ರಮವನ್ನು ಬಹುತೇಕ ಉಳಿಸಿಕೊಂಡಿವೆ. ಹೆಸರಾಗಲಿ ಅನುಕ್ರಮವಾಗಲಿ ವಿಭಕ್ತಿಯ ಸ್ವರೂಪವನ್ನು ನಿರ್ಣಯಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩

ಹಾಗಾದರೆ ನಿರ್ಣಾಯಕವಾದುದು ಯಾವುದು? ಇಲ್ಲಿ ಪಾಣಿನೀಯ ಸಂಪ್ರದಾಯದ ಒಂದು ವಿವೇಕವು ಲ್ಯಾಟಿನ್ ತರಗತಿಗೂ ಉಪಯುಕ್ತವಾಗಿದೆ. ಆ ಸಂಪ್ರದಾಯದಲ್ಲಿ ಕಾರಕ ಬೇರೆ, ವಿಭಕ್ತಿ ಬೇರೆ. ಕ್ರಿಯೆಯು ನೆರವೇರುವುದರಲ್ಲಿ ವಸ್ತುಗಳಿಗಿರುವ ಪಾತ್ರಗಳು ಕಾರಕಗಳು: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ಆರು. ಆ ಪಾತ್ರಗಳನ್ನು ತೋರಿಸಲು ಶಬ್ದಕ್ಕೆ ಹತ್ತುವ ಪ್ರತ್ಯಯಗಳು ವಿಭಕ್ತಿಗಳು. ವಿಭಕ್ತಿಗಳಿಗೆ ಅರ್ಥಸೂಚಕವಾದ ಹೆಸರುಗಳನ್ನೇ ಕೊಡದೆ, ಪ್ರಥಮಾ, ದ್ವಿತೀಯಾ ಎಂದು ಎಣಿಸಿರುವುದರ ಔಚಿತ್ಯವು ಇಲ್ಲಿಯೇ ಇದೆ.

ಒಂದು ಸರಳ ವಾಕ್ಯವನ್ನು ತೆಗೆದುಕೊಳ್ಳಬಹುದು: 'ಪುಯೆಲ್ಲ ಅಗ್ರಿಕೊಲಮ್ ವೊಕತ್.' ಹುಡುಗಿಯು ರೈತನನ್ನು ಕರೆಯುತ್ತಾಳೆ ಎಂದು ಅರ್ಥ. 'ಪುಯೆಲ್ಲ' ಪ್ರಥಮೆ, ಅವಳೇ ಕರ್ತೃ. 'ಅಗ್ರಿಕೊಲಮ್' ಎಂಬಲ್ಲಿಯ ಮಕಾರವು ದ್ವಿತೀಯೆಯ ಗುರುತು, ರೈತನು ಕರ್ಮ. ಇಷ್ಟು ಕಲಿತ ವಿದ್ಯಾರ್ಥಿಯು 'ಪ್ರಥಮೆ ಎಂದರೆ ಮಾಡುವವನು' ಎಂದು ನಿಶ್ಚಯಿಸಿಬಿಡುತ್ತಾನೆ. ಅನೇಕ ಪ್ರವೇಶಿಕೆಗಳು ಹೇಳಿಕೊಡುವುದೂ ಹೀಗೆಯೇ. ಕೆಲವು ತಿಂಗಳುಗಳ ಮೇಲೆ 'ಅಗ್ರಿಕೊಲ ಆ ಪುಯೆಲ್ಲಾ ವೊಕಾತುರ್' ಎಂಬ ವಾಕ್ಯವು ಬರುತ್ತದೆ. ರೈತನು ಹುಡುಗಿಯಿಂದ ಕರೆಯಲ್ಪಡುತ್ತಾನೆ. ಈಗ ಪ್ರಥಮೆಯಲ್ಲಿ ಇರುವವನು ರೈತನು; ಆದರೆ ಕರೆಯುವವನು ಅವನಲ್ಲ. ಮೊದಲು ಕಲಿತ ಸೂತ್ರವು ಕುಸಿದುಬೀಳುತ್ತದೆ.

ಕಾರಕ-ವಿಭಕ್ತಿಗಳ ಭೇದವನ್ನು ಮೊದಲೇ ತಿಳಿದವನಿಗೆ ಇಲ್ಲಿ ಗೊಂದಲವಿಲ್ಲ. ಎರಡು ವಾಕ್ಯಗಳಲ್ಲಿಯೂ ಕರ್ತೃ ಹುಡುಗಿಯೇ, ಕರ್ಮ ರೈತನೇ. ಪಾತ್ರಗಳು ಬದಲಾಗಿಲ್ಲ, ಪ್ರತ್ಯಯಗಳು ಮಾತ್ರ ಬದಲಾಗಿವೆ. ಸಂಸ್ಕೃತದ ಕರ್ಮಣಿ ಪ್ರಯೋಗವನ್ನು ಕಲಿತವರಿಗೆ ಇದು ಹೊಸತಲ್ಲ. ಪ್ರಾರಂಭದಲ್ಲಿಯೇ ಉಪಾಧ್ಯಾಯನು 'ಈ ಕೆಲಸದಲ್ಲಿ ಯಾರ ಪಾತ್ರ ಏನು' ಎಂಬ ಪ್ರಶ್ನೆಯನ್ನೂ, 'ಅದನ್ನು ಯಾವ ಗುರುತಿನಿಂದ ತಿಳಿದೆ' ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳುವ ಪದ್ಧತಿಯನ್ನಿಟ್ಟುಕೊಂಡರೆ, ಮುಂದಿನ ಎಷ್ಟೋ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

೪

ಇನ್ನು ಕನ್ನಡವನ್ನಾಡುವ ವಿದ್ಯಾರ್ಥಿಗೆ ಇರುವ ಅನುಕೂಲಗಳನ್ನು ಪರಿಶೀಲಿಸಬಹುದು. 'ರೇಗೀನ ಪುಯೆಲ್ಲೀಸ್ ಫಾಬುಲಮ್ ನಾರ್ರತ್' ಎಂಬ ವಾಕ್ಯವನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ 'ರಾಣಿಯು ಹುಡುಗಿಯರಿಗೆ ಕಥೆಯನ್ನು ಹೇಳುತ್ತಾಳೆ' ಎಂದಾಗುತ್ತದೆ. ಒಂದು ಪದವನ್ನೂ ಸ್ಥಳಾಂತರಿಸಬೇಕಾಗಿಲ್ಲ. ಇಂಗ್ಲಿಷಿನ ಬಾಲಕನು ಕೊನೆಯ ಪದವನ್ನು ಎಳೆದು ನಡುವೆ ತರಬೇಕು. 'ಕಥೆಯನ್ನು ಹುಡುಗಿಯರಿಗೆ ರಾಣಿಯು ಹೇಳುತ್ತಾಳೆ' ಎಂದು ತಿರುಗಿಸಿದರೂ ಕನ್ನಡದಲ್ಲಿ ಅರ್ಥ ಕೆಡುವುದಿಲ್ಲ; ಲ್ಯಾಟಿನ್ನಿನಲ್ಲಿಯೂ ಕೆಡುವುದಿಲ್ಲ. ಪ್ರತ್ಯಯವೇ ಪಾತ್ರವನ್ನು ಸೂಚಿಸುವುದರಿಂದ ಸ್ಥಾನವು ಒತ್ತಿಗಾಗಿ, ಸೊಗಸಿಗಾಗಿ ಸ್ವತಂತ್ರವಾಗಿರುತ್ತದೆ.

ಎರಡನೆಯದಾಗಿ, 'ಮಿಹಿ ದುಓ ಫೀಲಿಈ ಸುಂತ್' ಎಂಬ ವಾಕ್ಯ. 'ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ.' ಒಡೆತನವನ್ನು ಚತುರ್ಥಿಯಿಂದ ಹೇಳುವ ಈ ರೀತಿಯನ್ನು ಇಂಗ್ಲಿಷ್ ಪ್ರವೇಶಿಕೆಗಳು ವಿಶೇಷ ಸೂತ್ರವೊಂದರಿಂದ ವಿವರಿಸಬೇಕಾಗುತ್ತದೆ. ಕನ್ನಡಿಗನಿಗೆ ಅದು ದಿನನಿತ್ಯದ ಮಾತು.

ಮೂರನೆಯದು ಅಬ್ಲೇಟಿವ್. ಇದರಲ್ಲಿ ಅಗಲಿಕೆ, ಸಾಧನ, ಸ್ಥಾನ ಎಂಬ ಮೂರು ಅರ್ಥಗಳು ಒಂದೇ ರೂಪದಲ್ಲಿ ಸೇರಿವೆ. ಎಂದರೆ ಸಂಸ್ಕೃತದ ಪಂಚಮಿ, ತೃತೀಯೆ, ಸಪ್ತಮಿಗಳು ಒಂದೇ ಮನೆಯಲ್ಲಿ ಕೂಡಿಕೊಂಡಿವೆ. ಇದು ಆರಂಭದ ವಿದ್ಯಾರ್ಥಿಯನ್ನು ಬಹಳ ಕಾಡುವ ವಿಭಕ್ತಿ. ಆದರೆ 'ಮರದಿಂದ ಎಲೆ ಬಿತ್ತು', 'ಮರದಿಂದ ಮೇಜು ಮಾಡಿದನು' ಎಂಬ ವಾಕ್ಯಗಳಲ್ಲಿ ಕನ್ನಡದ 'ಇಂದ'ವೂ ಎರಡು ಕೆಲಸಗಳನ್ನು ಮಾಡುತ್ತಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪಂಚಮಿಗೆ 'ಅತ್ತಣಿಂ' ಎಂಬ ಪ್ರತ್ಯಯವನ್ನು ಹೇಳಿದ್ದಾನೆ. ಶಾಲೆಯ ವ್ಯಾಕರಣಗಳು 'ದೆಸೆಯಿಂದ' ಎನ್ನುತ್ತವೆ. ಎರಡನ್ನೂ ಬಿಡಿಸಿ ನೋಡಿದರೆ ಕೊನೆಯಲ್ಲಿ ಉಳಿಯುವುದು ತೃತೀಯೆಯ 'ಇಂ' ಅಥವಾ 'ಇಂದ'ವೇ. ಲ್ಯಾಟಿನ್ನಿನಲ್ಲಿ ಇದ್ದ ಮನೆಗಳು ಒಂದಾದುವು. ಕನ್ನಡದಲ್ಲಿ ಇದ್ದ ಒಂದು ಮನೆಯನ್ನು ಸಂಸ್ಕೃತದ ಏಳರ ಲೆಕ್ಕಕ್ಕೆ ಸರಿಹೊಂದಿಸಲು ಎರಡೆಂದು ಬರೆಯಲಾಯಿತು. ಕಚೇರಿಗಳಲ್ಲಿ ಕೇಳಿಬರುವ 'ಬೋನಾ ಫೈಡ್' ಎಂಬುದು ಅಬ್ಲೇಟಿವ್: ಒಳ್ಳೆಯ ನಂಬಿಕೆಯಿಂದ. 'ಎಕ್ಸ್ ಅಫೀಶಿಯೊ' ಎಂಬುದೂ ಅಬ್ಲೇಟಿವ್: ಹುದ್ದೆಯ ದೆಸೆಯಿಂದ. ಎರಡಕ್ಕೂ ಕನ್ನಡದ ಒಂದೇ ಪ್ರತ್ಯಯವು ಸಾಲುತ್ತದೆ.

ನಾಲ್ಕನೆಯದಾಗಿ, ಲ್ಯಾಟಿನ್ನಿನ ನಪುಂಸಕಲಿಂಗದಲ್ಲಿ ಪ್ರಥಮೆ ದ್ವಿತೀಯೆಗಳಿಗೆ ಒಂದೇ ರೂಪ. ಕನ್ನಡದಲ್ಲಿ 'ಹುಡುಗ ಪುಸ್ತಕ ಓದಿದ' ಎಂದು 'ಅನ್ನು' ಬಿಟ್ಟು ಹೇಳಬಹುದು. 'ಹುಡುಗ ಹುಡುಗಿ ನೋಡಿದ' ಎಂದು ಹೇಳಲಾಗದು. ಪುಸ್ತಕವು ಹುಡುಗನನ್ನು ಓದಲಾರದು. ಆದುದರಿಂದ ಗುರುತು ಇಲ್ಲದಿದ್ದರೂ ನಡೆಯುತ್ತದೆ.

ಆದರೆ ಮನೆಮಾತು ಎಲ್ಲೆಡೆಯಲ್ಲಿಯೂ ದಾರಿ ತೋರಿಸುವುದೆಂದು ಭಾವಿಸಬಾರದು. ಕನ್ನಡದಲ್ಲಿ ವಿಶೇಷಣವು ವಿಶೇಷ್ಯದ ವಿಭಕ್ತಿಯನ್ನು ಧರಿಸುವುದಿಲ್ಲ: 'ಒಳ್ಳೆಯ ಹುಡುಗಿಯನ್ನು'. ಲ್ಯಾಟಿನ್ನಿನಲ್ಲಿ 'ಬೊನಮ್ ಪುಯೆಲ್ಲಮ್' ಎಂದು ಎರಡಕ್ಕೂ ಪ್ರತ್ಯಯ ಬೇಕು; ಹಾಗೆ ಗುರುತು ಹೊತ್ತ ವಿಶೇಷಣವು ಪದ್ಯದಲ್ಲಿ ನಾಲ್ಕು ಪದಗಳಾಚೆ ನಿಂತಿರುವುದೂ ಉಂಟು. ಇಲ್ಲಿ ಸಂಸ್ಕೃತದ ಅಭ್ಯಾಸವೇ ನೆರವಾಗಬೇಕು. 'ರೋಮಿಗೆ ಹೋಗುತ್ತೇನೆ' ಎಂಬಲ್ಲಿ ಕನ್ನಡಿಗನು ಚತುರ್ಥಿಯನ್ನು ಹಾಕುತ್ತಾನೆ. ಲ್ಯಾಟಿನ್ನಿನಲ್ಲಿ 'ರೋಮಮ್' ಎಂಬ ದ್ವಿತೀಯೆಯೇ ಸಾಧು. ಎಲ್ಲಕ್ಕಿಂತ ದೊಡ್ಡ ತೊಡಕು ಪ್ರತ್ಯಯಗಳ ಬೆಸುಗೆಯದು. 'ಮರಗಳನ್ನು' ಎಂಬಲ್ಲಿ 'ಗಳು' ಬಹುತ್ವವನ್ನೂ 'ಅನ್ನು' ವಿಭಕ್ತಿಯನ್ನೂ ಬೇರೆಯಾಗಿ ಹೇಳುತ್ತವೆ. ಲ್ಯಾಟಿನ್ನಿನಲ್ಲಿ ಒಂದೇ ಪ್ರತ್ಯಯವು ಎರಡನ್ನೂ ಹೊರುತ್ತದೆ. ಅದೂ ಐದು ಶಬ್ದವರ್ಗಗಳಲ್ಲಿ ಬೇರೆ ಬೇರೆ ವೇಷದಲ್ಲಿ. 'ಓಮ್ನಿಸ್' ಎಂದರೆ ಎಲ್ಲ. 'ಓಮ್ನಿಬುಸ್' ಎಂದರೆ ಎಲ್ಲರಿಗೂ, ಎಲ್ಲರಿಗಾಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಸಾರ್ವಜನಿಕ ಗಾಡಿಗೆ ಈ ಹೆಸರು ಬಂದಿತು. ಜನರ ಬಾಯಲ್ಲಿ ಅದರ ಪ್ರಕೃತಿ ಸವೆದು ಬಾಲ ಮಾತ್ರ ಉಳಿಯಿತು. ೧೯೨೬ರಿಂದ ಮುಂಬಯಿಯ ಬೀದಿಗಳಲ್ಲಿ ಓಡುತ್ತಿರುವ ಬಸ್ಸಿನ ಹೆಸರು ಚತುರ್ಥೀ ಬಹುವಚನದ ಪ್ರತ್ಯಯವೊಂದೇ ಆಗಿದೆ.

ಹೀಗಿರಲು ಬಾಯಿಪಾಠವನ್ನು ತರಗತಿಯಿಂದ ಹೊರದೂಡಬೇಕೆಂಬ ವಾದವು ನಿಲ್ಲುವುದಿಲ್ಲ. 'ರಾಮಃ ರಾಮೌ ರಾಮಾಃ' ಎಂದು ಕಂಠಪಾಠ ಮಾಡಿದವರಿಗೆ ಅದರ ಬಲವು ಗೊತ್ತಿದೆ. ಬೆಸೆದುಹೋದ ಪ್ರತ್ಯಯಗಳು ನಾಲಗೆಯ ಮೇಲೆ ಇಲ್ಲದಿದ್ದರೆ ಓದು ಸಾಗದು. ಆದರೆ ಮೊದಲು ವಾಕ್ಯ, ಅನಂತರ ಪಟ್ಟಿ ಎಂಬ ಕ್ರಮವು ಕ್ಷೇಮಕರ. ರೂಪವೊಂದರ ಕೆಲಸವನ್ನು ನಾಲ್ಕು ವಾಕ್ಯಗಳಲ್ಲಿ ಕಂಡವನು ಪಟ್ಟಿಯಲ್ಲಿ ಅದನ್ನು ಪರಿಚಿತನಂತೆ ಗುರುತಿಸುತ್ತಾನೆ.

೫

ಅನುವಾದದ ವಿಷಯ ಇನ್ನೂ ಸೂಕ್ಷ್ಮವಾದುದು. ಮೊದಲು ಕ್ರಿಯಾಪದವನ್ನು ಹುಡುಕು, ಅನಂತರ ಕರ್ತೃಪದವನ್ನು ಹುಡುಕು, ಆಮೇಲೆ ಕರ್ಮವನ್ನು ಹುಡುಕು ಎಂದು ಹೇಳಿಕೊಡುವುದು ಹಳೆಯ ರೂಢಿ. ಇದರಿಂದ ವಾಕ್ಯವು ಒಡೆದು ಜೋಡಿಸಬೇಕಾದ ಯಂತ್ರದಂತಾಗುತ್ತದೆ. ಅಮೆರಿಕದ ಪ್ರಾಧ್ಯಾಪಕನಾದ ವಿಲಿಯಮ್ ಗಾರ್ಡ್ನರ್ ಹೇಲ್ ೧೮೮೭ರಲ್ಲಿಯೇ ಇದನ್ನು ವಿರೋಧಿಸಿ, ರೋಮನ್ ಶ್ರೋತೃವಿನಂತೆ ಮೊದಲ ಪದದಿಂದ ಕೊನೆಯ ಪದದವರೆಗೆ ಬಂದ ಕ್ರಮದಲ್ಲಿಯೇ ಗ್ರಹಿಸುವುದನ್ನು ಕಲಿಸಬೇಕೆಂದು ವಾದಿಸಿದನು. ೧೯೦೨ರಿಂದ ೧೯೨೮ರವರೆಗೆ ಕೇಂಬ್ರಿಜಿನ ಪರ್ಸ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ರೌಸನು ಇನ್ನೂ ಮುಂದೆ ಹೋಗಿ, ತರಗತಿಯಲ್ಲಿ ಲ್ಯಾಟಿನ್ನನ್ನೇ ಮಾತನಾಡಿಸಿದನು. ಈತನು ಕಲ್ಕತ್ತೆಯಲ್ಲಿ ಹುಟ್ಟಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತವನ್ನೂ ಬೋಧಿಸಿದವನೆಂಬುದು ಇಲ್ಲಿ ಸ್ಮರಣೀಯ.

ಹೇಲನ ಮಾರ್ಗವನ್ನು ಒಂದು ವಾಕ್ಯದಲ್ಲಿ ಪರೀಕ್ಷಿಸಬಹುದು: 'ಅಗ್ರಿಕೊಲೈ ಫೀಲಿಅ ನೌತೈ ರೋಸಮ್ ದತ್.' ಮೊದಲ ಪದವನ್ನು ಓದಿದೊಡನೆ ವಿದ್ಯಾರ್ಥಿಯು ನಿಲ್ಲಬೇಕು. 'ಅಗ್ರಿಕೊಲೈ' ಎಂಬುದು ರೈತನ, ರೈತನಿಗೆ, ರೈತರು ಎಂಬ ಮೂರೂ ಆಗಬಹುದು. ರೈತರನ್ನು ಕೂಗಿ ಕರೆಯುವುದೂ ಆಗಬಹುದು. ನಿರ್ಣಯಿಸಲು ಆತುರ ಬೇಡ. ಪ್ರಶ್ನೆಗಳನ್ನು ತೆರೆದಿಟ್ಟು ಮುಂದೆ ಹೋಗಬೇಕು. 'ಫೀಲಿಅ', ಮಗಳು. 'ನೌತೈ', ನಾವಿಕ ಶಬ್ದದ ರೂಪ. ಅದೇ ಸಂದೇಹ ಇಲ್ಲಿಯೂ. 'ರೋಸಮ್', ಗುಲಾಬಿಯನ್ನು, ಇದರಲ್ಲಿ ಸಂದೇಹವಿಲ್ಲ. 'ದತ್', ಕೊಡುತ್ತಾಳೆ ಅಥವಾ ಕೊಡುತ್ತಾನೆ; ಏಕವಚನ. ಇಲ್ಲಿಗೆ 'ರೈತರು' ಎಂಬ ಊಹೆಯು ಬಿದ್ದುಹೋಯಿತು. ಕೊಡುವ ಕ್ರಿಯೆ ಬಂದುದರಿಂದ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಬೇಕು. ರೈತನ ಮಗಳು ನಾವಿಕನಿಗೆ ಗುಲಾಬಿಯನ್ನು ಕೊಡುತ್ತಾಳೆ ಎಂದು ಹೇಳಬಹುದು. ರೈತನಿಗೆ ನಾವಿಕನ ಮಗಳು ಗುಲಾಬಿಯನ್ನು ಕೊಡುತ್ತಾಳೆ ಎಂದರೂ ವ್ಯಾಕರಣವು ತಡೆಯುವುದಿಲ್ಲ!

ಇಂತಹ ವಾಕ್ಯವನ್ನು ತರಗತಿಯಲ್ಲಿ ಕೊಡುವುದು ಮೋಸವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಅದರಿಂದ ದೊರೆಯುವ ಶಿಕ್ಷಣವು ದೊಡ್ಡದು. ಪಟ್ಟಿಯು ಸಾಧ್ಯವಾದ ಅರ್ಥಗಳನ್ನು ಹೇಳಬಲ್ಲುದು; ಅವುಗಳಲ್ಲಿ ಒಂದನ್ನು ಆರಿಸಲು ಹಿಂದಿನ ವಾಕ್ಯ ಬೇಕು, ಸಂದರ್ಭ ಬೇಕು, ವಿವೇಚನೆ ಬೇಕು. ಕನ್ನಡದಲ್ಲಿ 'ರೈತನ' ಮತ್ತು 'ರೈತನಿಗೆ' ಎಂಬ ರೂಪಗಳು ಬೇರೆ ಬೇರೆಯಾಗಿರುವುದರಿಂದ, ಕನ್ನಡಿಸುವವನು ಎರಡರಲ್ಲಿ ಒಂದನ್ನು ನಿಶ್ಚಯಿಸದೆ ಬರೆಯುವಂತಿಲ್ಲ. ಮೂಲದಲ್ಲಿ ಅಸ್ಪಷ್ಟವಾಗಿ ಉಳಿದುದನ್ನು ಅನುವಾದವು ಬಯಲಿಗೆಳೆಯುತ್ತದೆ. ಆದುದರಿಂದ ಅನುವಾದವು ಅರ್ಥಗ್ರಹಣಕ್ಕೆ ಬದಲಿಯಾಗಬಾರದು, ಅದರ ಪರೀಕ್ಷೆಯಾಗಬೇಕು. ಮೊದಲು ಲ್ಯಾಟಿನ್ನಿನಲ್ಲಿಯೇ ಓದಿ, ಪಾತ್ರಗಳನ್ನು ಗುರುತಿಸಿ, ಕಡೆಯಲ್ಲಿ ಕನ್ನಡಕ್ಕೆ ತಂದವನು ತಾನು ಮಾಡಿದ ಆಯ್ಕೆಗೆ ಕಾರಣವನ್ನು ಹೇಳಬಲ್ಲನು. ಉಪಾಧ್ಯಾಯನು ಅಂಕ ಕೊಡಬೇಕಾದುದು ಆ ಕಾರಣಕ್ಕೆ.

೬

ಲ್ಯಾಟಿನ್ನನ್ನು ಕಲಿಯುವ ಕನ್ನಡಿಗರ ಸಂಖ್ಯೆಯು ಹೆಚ್ಚಲಾರದು. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯು ದೇಶಭಾಷೆಗಳಿಗೆ ಪೂಜೆಯಲ್ಲಿ ಎಡೆಕೊಟ್ಟ ಮೇಲೆ ಚರ್ಚುಗಳಲ್ಲಿಯೂ ಅದರ ಬಳಕೆ ತಗ್ಗಿತು. ಆದರೂ ಈ ಚರ್ಚೆಯು ಹೊರನಾಡಿನ ಕನ್ನಡಿಗರಿಗೆ ದೂರದ ವಿಷಯವಲ್ಲ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಬೆಳೆಯುವ ಕನ್ನಡ ಮನೆತನಗಳ ಮಕ್ಕಳಲ್ಲಿ ಅನೇಕರಿಗೆ ಬರಹದ ಕನ್ನಡವು ಕಲಿತು ಪಡೆಯಬೇಕಾದ ಭಾಷೆಯಾಗುತ್ತಿದೆ. ಮನೆಯಲ್ಲಿ 'ಮರದಿಂದ ಬಿತ್ತು' ಎಂದು ಅಜ್ಜಿಯ ಬಾಯಲ್ಲಿ ಕೇಳಿದ ಮಗುವಿಗೆ ಪುಸ್ತಕವು 'ಮರದ ದೆಸೆಯಿಂದ' ಎಂಬ ಪಂಚಮಿಯನ್ನು ಒಪ್ಪಿಸಲು ಹೇಳುತ್ತದೆ. ಹಾಗೆ ಯಾರೂ ಮಾತನಾಡುವುದಿಲ್ಲವಲ್ಲ ಎಂದು ಮಗು ಕೇಳಿದರೆ, ಆ ಪ್ರಶ್ನೆಯು ೧೮೮೨ರ ಬಾಲಕನ ಪ್ರಶ್ನೆಯೇ ಆಗಿದೆ.

ಅದಕ್ಕೆ ಉತ್ತರವು ಇದೆ. ಅಜ್ಜಿಯ ವಾಕ್ಯವನ್ನೇ ಹಲಗೆಯ ಮೇಲೆ ಬರೆದು, ಬಿದ್ದುದು ಯಾವುದು, ಎಲ್ಲಿಂದ ಬಿತ್ತು, ಅದನ್ನು ತಿಳಿಸಿದ ಅಕ್ಷರಗಳು ಯಾವುವು ಎಂದು ಕೇಳಬಹುದು. ಪಂಚಮಿ ಎಂಬ ಹೆಸರನ್ನೂ, ಹಿಂದಿನವರು ಅದನ್ನು ಏಕೆ ಬೇರೆಯಾಗಿ ಎಣಿಸಿದರು ಎಂಬುದನ್ನೂ ಆಮೇಲೆ ಹೇಳಿದರೆ ಸಾಕು. ಮನೆಯಲ್ಲಿ ಕನ್ನಡವನ್ನು ಕೇಳದೆಯೇ ತರಗತಿಗೆ ಬರುವ ಮಗುವಿಗಂತೂ, ಪಟ್ಟಿಗೆ ಮುನ್ನ ಇಂತಹ ವಾಕ್ಯಗಳನ್ನು ಉಪಾಧ್ಯಾಯನೇ ಆಡಿ ತೋರಿಸಬೇಕಾಗುತ್ತದೆ.